ಬಂಡಿಯ ಬೆನ್ನಿನ ಬರಹ

ಕಳೆದ ಕಾರ್ತಿಕ ಮಾಸದಲ್ಲಿ ಒಂದು ರಾತ್ರಿ ನಾವು ನಮ್ಮ ತಂಗಿಯ ಮಗಳನ್ನು ಕರೆತರುವುದಕ್ಕಾಗಿ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಹೋಗಿದ್ದೆವು. ನಮ್ಮ ಸ್ವಂತ ಕಾರು ಆ ವಾರ ರಿಪೇರಿಯಲ್ಲಿದ್ದುದರಿಂದ, ಮನೆಗೆ ಹಿಂದಿರುಗಲು ಬಾಡಿಗೆಯ ಕಾರೊಂದನ್ನು ಫೋನಿನ ಮೂಲಕ ಗೊತ್ತುಮಾಡಿದೆವು. ಹನ್ನೊಂದು ಗಂಟೆಗೆ ಕಾರು ಬಂದಿತು. ಚಾಲಕನು ಇಳಿದು, ಪೆಟ್ಟಿಗೆಯನ್ನಿಡುವುದಕ್ಕಾಗಿ ಹಿಂಬದಿಯ ಡಿಕ್ಕಿಯನ್ನು ತೆರೆಯಹೋದನು. ಅಷ್ಟರಲ್ಲಿ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ನಮ್ಮ ತೋಳನ್ನು ಹಿಡಿದು, “ಮಾಮ, ಈ ಗಾಡಿ ಬೇಡ, ಬೇರೆ ನೋಡೋಣ” ಎಂದು ಮೆಲ್ಲನೆ ಹೇಳಿದಳು.

ಅವಳು ಹೆದರಿದ್ದು ಚಾಲಕನನ್ನು ಕಂಡಲ್ಲ. ಆತನ ಮುಖವನ್ನು ಅವಳು ಇನ್ನೂ ಸರಿಯಾಗಿ ನೋಡಿಯೇ ಇರಲಿಲ್ಲ. ಹಿಂಬದಿಯ ಗಾಜಿನ ತುಂಬ, ಕಪ್ಪು ಮತ್ತು ಕೇಸರಿ ಎಂಬ ಎರಡೇ ಬಣ್ಣಗಳಲ್ಲಿ, ಹುಬ್ಬು ಗಂಟಿಕ್ಕಿದ ಹನುಮಂತನ ಮುಖದ ದೊಡ್ಡ ಸ್ಟಿಕ್ಕರು ಅಂಟಿತ್ತು. ವಾಚಕರಲ್ಲಿ ಈ ಚಿತ್ರವನ್ನು ಕಾಣದವರು ವಿರಳ. ವಿಚಿತ್ರವೇನೆಂದರೆ, ನಮ್ಮ ಈ ಸೋದರ ಸೊಸೆ ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗತಕ್ಕವಳು. ಗುಡಿಯಲ್ಲಿ ಯಾವ ದೇವರ ಮುಂದೆ ಕಣ್ಣುಮುಚ್ಚಿ ನಿಲ್ಲುವಳೋ, ಅದೇ ದೇವರ ಮುಖವನ್ನು ಕಾರಿನ ಗಾಜಿನ ಮೇಲೆ ಕಂಡು ಹಿಂಜರಿದಳು.

ಅವಳ ಮಾತು ಚಾಲಕನ ಕಿವಿಗೆ ಬಿದ್ದಿತ್ತು. ವಯಸ್ಸು ಐವತ್ತೈದರ ಮೇಲಿರಬಹುದು; ತಲೆ ನರೆತಿತ್ತು; ಮೂಗಿನ ಮೇಲೆ ಕನ್ನಡಕ. ಆತನು ಕೋಪಿಸಿಕೊಳ್ಳಲಿಲ್ಲ. “ಅಮ್ಮಾ, ಆ ಚಿತ್ರ ನಾನು ಹಾಕಿಸಿದ್ದಲ್ಲ, ಗಾಡಿ ಓನರ್ ಹಾಕಿಸಿದ್ದು. ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹತ್ತಿ, ಭಯ ಪಡಬೇಡಿ” ಎಂದನು. ನಮಗೆ ನಾಚಿಕೆಯಾಯಿತು. ಹತ್ತಿದೆವು.

ದಾರಿಯಲ್ಲಿ ಆತನು ಹೇಳಿದ ಸಂಗತಿಗಳೇ ಈ ಲೇಖನಕ್ಕೆ ಮೂಲ. “ದಿನಕ್ಕಿಷ್ಟು ಅಂತ ಓನರಿಗೆ ಕಟ್ಟಬೇಕು ಸಾರ್, ಮಿಕ್ಕಿದ್ದು ನನಗೆ. ಈ ಚಿತ್ರ ನೋಡಿ ಕೆಲವರು ಖುಷಿಯಾಗಿ ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟು ಹೋಗ್ತಾರೆ. ಕೆಲವರು ಪೆಟ್ಟಿಗೆ ಇಡೋ ಹೊತ್ತಿಗೆ ಬೇಡ ಅಂದುಬಿಡ್ತಾರೆ. ರಾತ್ರಿ ಹೊತ್ತು ಹಾಗನ್ನೋರು ಹೆಣ್ಣುಮಕ್ಕಳೇ ಜಾಸ್ತಿ. ಅವರದು ತಪ್ಪು ಅಂತ ಹೇಳಲ್ಲ. ಆದರೆ ಆವತ್ತಿನ ಬಾಡಿಗೆ ಹೋಗೋದು ನನ್ನದು.” ತೆಗೆಸಿಬಿಡಬಾರದೇ ಎಂದು ಕೇಳಿದೆವು. “ಓನರ್ ಒಪ್ಪಲ್ಲ ಸಾರ್, ದೇವರ ಮುಖ ಕೀಳಬಾರದು ಅಂತಾರೆ. ನಿಜ ಹೇಳಬೇಕು ಅಂದರೆ, ಕೀಳಕ್ಕೆ ನನಗೂ ಕೈ ಬರಲ್ಲ” ಎಂದನು.

ಇಳಿಯುವಾಗ ಹುಡುಗಿಯೇ “ಮಾಮ, ಇವರ ನಂಬರ್ ತಗೊಳ್ಳಿ” ಎಂದಳು.

ಆ ಚಿತ್ರದ ಕಥೆಯನ್ನು ಇಲ್ಲಿ ಹೇಳುವುದು ಯೋಗ್ಯವಾಗಿದೆ. ಕಾಸರಗೋಡು ಸೀಮೆಯ ಕುಂಬಳೆಯ ಕಲಾವಿದರಾದ ಕರಣ್ ಆಚಾರ್ಯರು ೨೦೧೫ರಲ್ಲಿ ಇದನ್ನು ರಚಿಸಿದರು. ಊರಿನ ಗೆಳೆಯರು ಗಣೇಶ ಚತುರ್ಥಿಯ ಉತ್ಸವಕ್ಕಾಗಿ ಬಾವುಟವೊಂದರ ಮೇಲೆ ಹಾಕಲು ಚಿತ್ರ ಬೇಕೆಂದು ಕೇಳಿದ್ದರು. ಅಷ್ಟೇ ಅದರ ಆರಂಭ. ಊರಿನ ಬಾವುಟದಿಂದ ಅದು ಫೋನುಗಳಿಗೆ ಹಾರಿತು. ಫೋನುಗಳಿಂದ ಸ್ಟಿಕ್ಕರು ಕತ್ತರಿಸುವ ಅಂಗಡಿಗಳಿಗೆ ಬಂದಿತು. ಅಲ್ಲಿಂದ ಎರಡು ಮೂರು ವರ್ಷಗಳಲ್ಲಿ ಬೆಂಗಳೂರಿನ ಬೀದಿಬೀದಿಗೂ ಹರಡಿತು. ತಾವು ಬರೆಯಹೊರಟದ್ದು ಗತ್ತುಳ್ಳ ಹನುಮಂತನನ್ನೇ ಹೊರತು ಸಿಟ್ಟಿನ ಹನುಮಂತನನ್ನಲ್ಲವೆಂದು ಕಲಾವಿದರು ತಿಳಿಸಿದ್ದುಂಟು. ಆದರೆ ಜನರ ಬಾಯಲ್ಲಿ ಅದಕ್ಕೆ ಕೋಪದ ಹನುಮಂತನೆಂಬ ಹೆಸರೇ ನಿಂತಿತು. ೨೦೧೮ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿಗಳು ಮಂಗಳೂರಿನ ಚುನಾವಣಾ ಸಭೆಯಲ್ಲಿ ಈ ಚಿತ್ರವನ್ನು ಹೊಗಳಿದರು. ಅದೇ ವರ್ಷ, ಈ ಚಿತ್ರವಿರುವ ಬಾಡಿಗೆ ಕಾರನ್ನು ತಾವು ಹತ್ತಲಾರೆವೆಂದು ಕೆಲವು ಸ್ತ್ರೀಯರು ಬಹಿರಂಗವಾಗಿ ಬರೆದರು. ಹಾಗೆ ಬರೆದುದಕ್ಕೆ ಸಿಟ್ಟಾದವರೂ ಬಹು ಮಂದಿ. ಈ ವಾಗ್ವಾದದಲ್ಲಿ ಯಾವ ಪಕ್ಷವನ್ನೂ ವಹಿಸುವುದು ನಮ್ಮ ಉದ್ದೇಶವಲ್ಲ. ಬರೆದವರು ಒಂದನ್ನು ನೆನೆದರು, ಅಂಟಿಸಿದವರು ಮತ್ತೊಂದನ್ನು ನೆನೆದರು, ನೋಡಿದವರು ತಮತಮಗೆ ತೋರಿದ್ದನ್ನು ಓದಿಕೊಂಡರು. ಸ್ಟಿಯರಿಂಗ್ ಹಿಡಿದು ಕುಳಿತವನನ್ನು ಯಾರೂ ಕೇಳಲಿಲ್ಲ ಎಂಬುದಷ್ಟೇ ನಮ್ಮ ಗಮನಕ್ಕೆ ಬಂದ ಸಂಗತಿ.

ಬಂಡಿಯನ್ನು ಸಿಂಗರಿಸುವುದು ಹೊಸದೇನಲ್ಲ. ನಮ್ಮ ರೈತರು ಎತ್ತಿನ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿದ್ದು ತಲೆತಲಾಂತರದ ಪದ್ಧತಿ. ಲಾರಿಗಳು ಬಂದಮೇಲೆ ಅವುಗಳ ಹಿಂದೆ ನಾಲಗೆ ಚಾಚಿದ ರಾಕ್ಷಸನ ಮುಖ, ಕೆಳಗೆ ಜೋತುಬಿದ್ದ ಹಳೆಯ ಚಪ್ಪಲಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಇವೆಲ್ಲ ದೃಷ್ಟಿ ತಾಗದಿರಲೆಂದು ಬಂದವು. ಆ ರಾಕ್ಷಸನನ್ನು ಕಂಡು ಲಾರಿಯ ಚಾಲಕನೂ ರಾಕ್ಷಸನೆಂದು ಬಗೆದವರನ್ನು ನಾವು ಕಾಣೆವು. ಅದು ದೃಷ್ಟಿಬೊಂಬೆಯೆಂಬುದು ಎಲ್ಲರಿಗೂ ತಿಳಿದ ಮಾತು. ಹೀಗೆ ನೋಡುವವರೂ ಅಂಟಿಸಿದವರೂ ಒಂದೇ ಅರ್ಥವನ್ನು ಬಲ್ಲವರಾಗಿದ್ದರೆ ತೊಂದರೆಯಿಲ್ಲ. ಬೆಂಗಳೂರಿನ ಆಟೋಗಳ ಹಿಂದಿನ ಶಂಕರನಾಗರ ಚಿತ್ರವೂ ಇದೇ ಜಾತಿಗೆ ಸೇರಿದ್ದು. ೧೯೮೦ರಲ್ಲಿ ತೆರೆಗೆ ಬಂದ ‘ಆಟೋ ರಾಜ’ದಲ್ಲಿ ಅವರು ಆಟೋ ಚಾಲಕನ ಪಾತ್ರವನ್ನು ವಹಿಸಿದರು, ೧೯೯೦ರಲ್ಲಿ ದಾವಣಗೆರೆಯ ಬಳಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಇಷ್ಟು ವರ್ಷಗಳು ಕಳೆದರೂ ಚಾಲಕರು ಅವರನ್ನು ಬಿಟ್ಟಿಲ್ಲ. ನಮ್ಮ ಮಟ್ಟಿಗಂತೂ ಆ ನಗುಮುಖವಿರುವ ಆಟೋವನ್ನು ಕಂಡರೆ ಚೌಕಾಸಿಯ ಧ್ವನಿ ಸ್ವಲ್ಪ ತಗ್ಗುತ್ತದೆ. ಮೀಟರಿನ ಮೇಲೆ ಕೇಳುವ ಹಣ ಮಾತ್ರ ಇತರ ಆಟೋಗಳಷ್ಟೇ ಇರುತ್ತದೆ.

ವಾಹನದ ಬೆನ್ನಿಗಂಟಿದ ಚೀಟಿಯು ಅದರ ಚಾಲಕನ ವಿಷಯದಲ್ಲಿ ಅನ್ಯರ ಭಾವನೆಯನ್ನು ಎಷ್ಟರಮಟ್ಟಿಗೆ ತಿದ್ದುತ್ತದೆಂಬುದನ್ನು ಪರೀಕ್ಷಿಸಿ ನೋಡಿದವರು ಮುಖ್ಯವಾಗಿ ಅಮೆರಿಕಾ ದೇಶದವರು. ಈಗಿನ ರೀತಿಯ ಸ್ಟಿಕ್ಕರುಗಳ ಹುಟ್ಟೂ ಅಲ್ಲಿಯೇ. ಮೊದಲು ಅಲ್ಲಿ ಕಾರಿನ ಬಂಪರಿಗೆ ರಟ್ಟಿನ ಇಲ್ಲವೆ ತಗಡಿನ ಫಲಕಗಳನ್ನು ತಂತಿಯಿಂದ ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಕಾನ್ಸಾಸ್ ನಗರದ ಫಾರೆಸ್ಟ್ ಗಿಲ್ ಎಂಬ ಮುದ್ರಕನು ತಾನೇ ಅಂಟಿಕೊಳ್ಳುವ ಹಿಂಬದಿಯ ಕಾಗದದ ಮೇಲೆ ಹೊಳೆಯುವ ಬಣ್ಣದಿಂದ ಅಚ್ಚುಮಾಡಿ ಮಾರಲಾರಂಭಿಸಿದನು. ಮತದಾನದ ಕಾಲದಲ್ಲಿ ಅಭ್ಯರ್ಥಿಗಳು ಇದನ್ನು ಕೈಬಿಡುವರೇ?

೧೯೭೦ರ ಆಸುಪಾಸಿನಲ್ಲಿ ಲಾಸ್ ಏಂಜಲೀಸಿನ ಕಾಲೇಜೊಂದರಲ್ಲಿ ಹ್ಯೂಸೆನ್‌ಸ್ಟಾಮ್ ಎಂಬವರು ಒಂದು ಪ್ರಯೋಗವನ್ನು ನಡೆಸಿದರು. ಕರಿಯ ಜನರ ಹಕ್ಕುಗಳಿಗಾಗಿ ಹುಟ್ಟಿದ ‘ಬ್ಲ್ಯಾಕ್ ಪ್ಯಾಂಥರ್’ ಎಂಬ ಪಕ್ಷಕ್ಕೂ ಪೋಲೀಸರಿಗೂ ಆಗ ಕಡುವೈರ. ಆ ಪಕ್ಷದ ವಿದ್ಯಾರ್ಥಿಗಳು ತಮ್ಮನ್ನು ಪೋಲೀಸರು ಸುಮ್ಮಸುಮ್ಮನೆ ತಡೆದು ದಂಡ ಹಾಕುತ್ತಾರೆಂದು ದೂರುತ್ತಿದ್ದರು. ಇದು ನಿಜವೇ ಎಂದು ತಿಳಿಯಲು, ಹಿಂದಿನ ಒಂದು ವರ್ಷದಲ್ಲಿ ಒಂದು ಬಾರಿಯೂ ದಂಡ ತೆರದಿದ್ದ ಹದಿನೈದು ಮಂದಿ ವಿದ್ಯಾರ್ಥಿಗಳನ್ನು ಆರಿಸಿಕೊಂಡರು: ಐವರು ಕರಿಯರು, ಐವರು ಬಿಳಿಯರು, ಐವರು ಮೆಕ್ಸಿಕೋ ಮೂಲದವರು. ಅವರ ಕಾರುಗಳನ್ನು ಪರೀಕ್ಷಿಸಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ನಿಯಮ ಮೀರದೆ ನಡೆಸುತ್ತೇವೆಂದು ಅವರಿಂದ ಬರೆಯಿಸಿಕೊಂಡು, ಕಾರುಗಳ ಹಿಂದೆ ಆ ಪಕ್ಷದ ಸ್ಟಿಕ್ಕರನ್ನು ಅಂಟಿಸಿ ಕಳುಹಿಸಿದರು. ದಂಡ ಬಿದ್ದರೆ ಕಟ್ಟುವುದಕ್ಕೆಂದು ೫೦೦ ಡಾಲರುಗಳ ನಿಧಿಯಿತ್ತು. ಹದಿನೇಳು ದಿನಗಳಲ್ಲಿ ಅವರಿಗೆ ೩೩ ದಂಡದ ಚೀಟಿಗಳು ಬಂದವು; ನಿಧಿ ಬರಿದಾಯಿತು; ಪ್ರಯೋಗವೂ ನಿಂತಿತು. ಶಾಸ್ತ್ರದ ಕಟ್ಟುನಿಟ್ಟಿನಿಂದ ನೋಡಿದರೆ ಇದರಲ್ಲಿ ಕುಂದುಗಳಿವೆ: ಸ್ಟಿಕ್ಕರಿಲ್ಲದ ಕಾರುಗಳನ್ನು ಜೊತೆಗೇ ಓಡಿಸಿ ಹೋಲಿಸಿ ನೋಡಲಿಲ್ಲ, ವಿದ್ಯಾರ್ಥಿಗಳಿಗೆ ವಿಷಯ ಮೊದಲೇ ತಿಳಿದಿತ್ತು. ಆದರೂ ಒಂದು ಅಂಗೈಯಗಲದ ಕಾಗದದ ಬಲವನ್ನು ಕುರಿತು ಯೋಚಿಸುವಂತೆ ಅದು ಮಾಡುತ್ತದೆ.

ಚೀಟಿಯೇ ಬೇಕೆಂದೂ ಇಲ್ಲ. ೧೯೬೮ರಲ್ಲಿ ಪ್ರಕಟವಾದ ಡೂಬ್ ಮತ್ತು ಗ್ರಾಸ್ ಎಂಬ ಇಬ್ಬರ ಪರೀಕ್ಷೆ ಬಹು ಸರಳವಾದದ್ದು. ಕ್ಯಾಲಿಫೋರ್ನಿಯಾದ ರಸ್ತೆಯಲ್ಲಿ ಹಸಿರು ದೀಪ ಬಂದ ಮೇಲೂ ಮುಂದಿನ ಕಾರು ಕದಲದೆ ಹನ್ನೆರಡು ಸೆಕೆಂಡು ನಿಂತರೆ ಹಿಂದಿನವರು ಏನು ಮಾಡುತ್ತಾರೆ? ನಿಂತದ್ದು ಥಳಥಳಿಸುವ ಕರಿಯ ದೊಡ್ಡ ಕಾರಾಗಿದ್ದಾಗ ಸುಮಾರು ಅರ್ಧದಷ್ಟು ಮಂದಿ ಹಾರನ್ ಒತ್ತಿದರು. ಹಳೆಯ ಅಗ್ಗದ ಕಾರಾಗಿದ್ದಾಗ ನೂರಕ್ಕೆ ೮೪ ಮಂದಿ ಒತ್ತಿದರು. ಇದಕ್ಕಿಂತ ಸ್ವಾರಸ್ಯವಾದದ್ದು ಬೇರೊಂದುಂಟು. ನೀವಾದರೆ ಏನು ಮಾಡುತ್ತಿದ್ದಿರಿ ಎಂದು ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಕೇಳಿದಾಗ, ಗಂಡಸರು ದೊಡ್ಡ ಕಾರಿಗೇ ಬೇಗ ಹಾರನ್ ಮಾಡುತ್ತೇವೆಂದು ಉತ್ತರ ಕೊಟ್ಟರಂತೆ! ಮುಂದಿರುವ ಬಂಡಿಯನ್ನು ನೋಡಿ ನಮ್ಮ ನಡತೆ ಬದಲಾಗುವುದು ನಮಗೇ ತಿಳಿಯದು.

೧೯೭೫ರಲ್ಲಿ ಟರ್ನರ್ ಮುಂತಾದವರು ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ದೀಪದ ಬಳಿ ನಿಂತ ಸಣ್ಣ ಲಾರಿಯ ಹಿಂಗಾಜಿನಲ್ಲಿ ಬಂದೂಕು ಕಾಣುವಂತೆ ಇಟ್ಟು, ಬಂಪರಿನ ಮೇಲೆ ‘ಸೇಡು’ ಎಂಬರ್ಥದ ಚೀಟಿಯನ್ನು ಅಂಟಿಸಿದ್ದರು. ಬೇರೆ ಸರದಿಯಲ್ಲಿ ‘ಗೆಳೆಯ’ ಎಂಬ ಚೀಟಿ. ಸೇಡಿನ ಮಾತೂ ಬಂದೂಕೂ ಸೇರಿದಾಗ ಹಾರನ್ ಹೆಚ್ಚಾಯಿತು. ಬಂದೂಕನ್ನು ಕಂಡವರು ತೆಪ್ಪಗಿರುತ್ತಾರೆಂದು ನಾವು ಊಹಿಸಿದರೆ, ಆದದ್ದು ಅದಕ್ಕೆ ವಿರುದ್ಧ. ಪರದೆ ಎಳೆದು ಚಾಲಕನು ಕಾಣದಂತೆ ಮಾಡಿದಾಗಲೂ ಹಾರನ್ ಹೆಚ್ಚಾಯಿತು. ಇದನ್ನು ಓದಿದಾಗ ನಮಗೆ ಆ ರಾತ್ರಿಯ ಕಾರು ನೆನಪಾಯಿತು. ಹಿಂಗಾಜನ್ನೆಲ್ಲ ತುಂಬಿದ ಆ ದೊಡ್ಡ ಮುಖದ ಹಿಂದೆ ಚಾಲಕನ ನರೆತ ತಲೆಯು ಹೊರಗಿನವರಿಗೆ ಕಾಣುತ್ತಲೇ ಇರಲಿಲ್ಲ.

ಇವೆಲ್ಲ ನೋಡುವವರ ಕಥೆಯಾಯಿತು. ಅಂಟಿಸಿಕೊಳ್ಳುವವರ ಮನಸ್ಸನ್ನು ಕೆದಕಿದವರು ಕೊಲರಾಡೋ ರಾಜ್ಯ ವಿಶ್ವವಿದ್ಯಾನಿಲಯದ ವಿಲಿಯಂ ಸ್ಲೆಮ್ಕೋ ಮತ್ತು ಅವರ ಸಹೋದ್ಯೋಗಿಗಳು. ೨೦೦೮ರಲ್ಲಿ ಪ್ರಕಟವಾದ ಅವರ ಪರಿಶೀಲನೆಯಲ್ಲಿ, ಕಾರಿನ ಮೇಲಿನ ಸ್ಟಿಕ್ಕರುಗಳು, ಒಳಗೆ ತೂಗಹಾಕಿದ ಬೊಂಬೆಗಳು, ವಿಶೇಷವಾದ ಸೀಟು ಹೊದಿಕೆಗಳು ಮುಂತಾದ ಗುರುತುಗಳನ್ನು ಎಣಿಸಿ, ರಸ್ತೆಯಲ್ಲಿ ಸಿಟ್ಟು ಬಂದಾಗ ಏನು ಮಾಡುವಿರೆಂದು ಮಾಲೀಕರನ್ನು ವಿಚಾರಿಸಿದರು. ಗುರುತುಗಳು ಹೆಚ್ಚಿದಷ್ಟೂ, ಸಿಟ್ಟನ್ನು ಕಾರಿನ ಮೂಲಕ ತೀರಿಸಿಕೊಳ್ಳುವ ಸ್ವಭಾವ ಹೆಚ್ಚಾಗಿ ಕಂಡುಬಂದಿತು. ಕಾರಿನ ಬೆಲೆಯಾಗಲಿ ಅದರ ಸ್ಥಿತಿಯಾಗಲಿ ಇಷ್ಟನ್ನು ಹೇಳಲಾರದು. ಎಲ್ಲಕ್ಕಿಂತ ಅಚ್ಚರಿಯೆಂದರೆ, ಚೀಟಿಯಲ್ಲಿ ಏನು ಬರೆದಿದೆಯೆಂಬುದು ಲೆಕ್ಕಕ್ಕೆ ಬರಲಿಲ್ಲ. ಲೋಕಶಾಂತಿಯನ್ನು ಬೇಡುವ ಚೀಟಿಯೂ ಒಂದೇ, ಬೆದರಿಸುವ ಚೀಟಿಯೂ ಒಂದೇ.

ಅವರು ಇದಕ್ಕೆ ಕೊಡುವ ಕಾರಣವನ್ನು ನಮ್ಮ ದೇಶದವರಿಗೆ ವಿವರಿಸುವುದು ಸುಲಭ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವಲು ಎಸೆದವನು ಆ ಸೀಟಿಗಾಗಿ ಹೇಗೆ ಜಗಳವಾಡುತ್ತಾನೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಟವಲು ಬೀಳುವವರೆಗೆ ಅದು ಸರ್ಕಾರದ ಸೀಟು; ಬಿದ್ದ ಮೇಲೆ ಅದು ಅವನ ಪಿತ್ರಾರ್ಜಿತ. ಕಾರಿನ ಒಳಭಾಗವು ನಮ್ಮ ಮನೆಯ ಕೋಣೆಯಂತೆ ಸ್ವಂತದ್ದು. ಅದು ಓಡುವ ರಸ್ತೆ ಮಾತ್ರ ಎಲ್ಲರದು. ಗುರುತು ಹಾಕಿ ಹಾಕಿ ಕಾರನ್ನು ಬಲವಾಗಿ ತನ್ನದಾಗಿಸಿಕೊಂಡವನು, ಅದರ ಮುಂದಿನ ಹತ್ತು ಮಾರು ರಸ್ತೆಯನ್ನೂ ತನ್ನದೆಂದೇ ಮರೆತುಕೊಂಡು ಅದಕ್ಕಾಗಿ ಕಾದಾಡುತ್ತಾನೆ. ಹಾಗೆಂದು ಬೊಂಬೆ ತೂಗಹಾಕಿದವರೆಲ್ಲರೂ ಜಗಳಗಂಟರೆಂದು ತಿಳಿಯಬಾರದು. ಆ ಪರಿಶೀಲನೆಯು ಜನರು ತಮ್ಮನ್ನು ಕುರಿತು ತಾವೇ ಹೇಳಿದ್ದನ್ನು ನಂಬಿದುದು. ಅದಲ್ಲದೆ, ಗುರುತು ಹಾಕಿದವನೇ ಕಾರನ್ನು ನಡೆಸುವನೆಂಬುದು ಅದರ ತಳಹದಿ. ನಮ್ಮ ನಗರಗಳಲ್ಲಿ ಸ್ಟಿಕ್ಕರು ಒಬ್ಬನದು, ಸ್ಟಿಯರಿಂಗ್ ಇನ್ನೊಬ್ಬನದು. ನಮ್ಮ ಹುಡುಗಿಯ ಭಯಕ್ಕೆ ಏನೇ ಆಧಾರವಿದ್ದರೂ, ಅದರ ಫಲವನ್ನು ಉಂಡವನು ಅದಕ್ಕೆ ಸಂಬಂಧವೇ ಇಲ್ಲದ ಮನುಷ್ಯ.

ಇನ್ನು ಕೆಲವು ಚೀಟಿಗಳು ಮನಸ್ಸಿನ ಅಲಂಕಾರಕ್ಕಾಗಿ ಅಂಟಿಸಿದವುಗಳಲ್ಲ, ರಿಯಾಯಿತಿಗಾಗಿ ಅಂಟಿಸಿದವು. ಪ್ರೆಸ್, ಪೋಲೀಸ್, ವಕೀಲರು, ಸರ್ಕಾರ, ಯಾವುದೋ ಸಂಘದ ಅಧ್ಯಕ್ಷರು! ಕೆಂಪು ದೀಪದ ಕಾರುಗಳ ಹಾವಳಿಯನ್ನು ಕೇಂದ್ರ ಸರ್ಕಾರವು ೨೦೧೭ರ ಮೇ ೧ರಿಂದ ನಿಲ್ಲಿಸಿತು, ಚೀಟಿಗಳು ಉಳಿದವು. ಚೆನ್ನೈ ನಗರದ ಸಂಚಾರ ಪೋಲೀಸರು ೨೦೨೪ರ ಮೇ ೨ರಿಂದ ಇಂತಹ ಅನಧಿಕೃತ ಚೀಟಿಗಳಿಗೆ ದಂಡ ಹಾಕಲಾರಂಭಿಸಿದರು. ಉತ್ತರ ಪ್ರದೇಶದಲ್ಲಿ ವಾಹನಗಳ ಮೇಲೆ ಜಾತಿಯ ಹೆಸರು ಬರೆಯಿಸುವುದರ ವಿರುದ್ಧ ೨೦೨೦ರಲ್ಲಿಯೂ, ಅಲಹಾಬಾದು ಹೈಕೋರ್ಟಿನ ತೀರ್ಪಿನ ಮೇಲೆ ೨೦೨೫ರಲ್ಲಿಯೂ ಆಜ್ಞೆಗಳು ಹೊರಟವು.

ಈ ಮಾತನ್ನು ಬರೆಯುವಾಗ ನಮ್ಮದೊಂದು ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಮಾಸಪತ್ರಿಕೆಗಳಿಗೆ ಆಗಾಗ್ಗೆ ಲೇಖನ ಬರೆಯುತ್ತೇವೆಂಬ ನೆಪದಿಂದ, ಹಲವು ವರ್ಷಗಳ ಹಿಂದೆ ಮಿತ್ರರೊಬ್ಬರು ಕೊಟ್ಟ ‘ಪ್ರೆಸ್’ ಎಂಬ ಕೆಂಪಕ್ಷರದ ಚೀಟಿಯನ್ನು ನಾವೂ ನಮ್ಮ ಕಾರಿನ ಹಿಂಗಾಜಿಗೆ ಅಂಟಿಸಿದ್ದೆವು. ಒಂದು ದಿನ ಅವಸರದಲ್ಲಿ ದೀಪದ ಬಳಿಯ ಬಿಳಿಯ ಗೆರೆಯನ್ನು ಮೀರಿ ನಿಲ್ಲಿಸಿದಾಗ, ಪೇದೆಯೊಬ್ಬನು ದಂಡದ ಯಂತ್ರವನ್ನು ಹಿಡಿದು ಬಂದು, ಕಾರನ್ನು ಒಂದು ಸುತ್ತು ಹಾಕಿ, ನಮಗೆ ಸಲಾಮು ಮಾಡಿ ಹೋದನು. ಅದೇ ಗೆರೆಯನ್ನು ಮೀರಿದ್ದ ಪಕ್ಕದ ಸ್ಕೂಟರಿನ ತರಕಾರಿಯವನಿಗೆ ದಂಡ ಬಿತ್ತು. ಆ ಹೊತ್ತಿಗೆ ನಮಗಾದದ್ದು ಸಂತೋಷವೇ. ಮನೆಯಲ್ಲಿ ನಮ್ಮವರಿಗೆ ಹೇಳಿ ನಕ್ಕದ್ದೂ ಉಂಟು. ಅವರು ನಗಲಿಲ್ಲ.

ಗೃಹಸ್ಥರಿಗೆ ಉಪಯುಕ್ತವಾಗುವ ಒಂದೆರಡು ಮಾತುಗಳನ್ನು ಇಲ್ಲಿಯೇ ಸೇರಿಸುತ್ತೇವೆ. ಹಿಂಗಾಜಿನ ಮೇಲೆ ತಂದೆ, ತಾಯಿ, ಮಕ್ಕಳು, ನಾಯಿ ಎಂದು ಸಾಲಾಗಿ ಬೊಂಬೆಗಳನ್ನೂ, ಅವುಗಳ ಕೆಳಗೆ ಮಕ್ಕಳ ಹೆಸರುಗಳನ್ನೂ, ಪಕ್ಕದಲ್ಲಿ ಶಾಲೆಯ ಚೀಟಿಯನ್ನೂ ಅಂಟಿಸುವ ವಾಡಿಕೆ ಈಚೆಗೆ ಬಂದಿದೆ. ನೋಡಲು ಮುದ್ದಾಗಿರುವುದು ನಿಜ. ಆದರೆ ಅಪರಿಚಿತನೊಬ್ಬನು ಮಗುವನ್ನು ಹೆಸರು ಹಿಡಿದು ಕರೆಯುವುದಕ್ಕೂ, ಅದು ಯಾವ ಶಾಲೆಯ ಬಾಗಿಲಲ್ಲಿ ಸಿಕ್ಕೀತೆಂದು ತಿಳಿಯುವುದಕ್ಕೂ ಅಷ್ಟೇ ಸಾಕು. ಹೆಸರುಗಳನ್ನು ಬಿಡುವುದು ಒಳ್ಳೆಯದು. ‘ಕಾರಿನಲ್ಲಿ ಮಗುವಿದೆ’ ಎಂಬ ಹಳದಿಯ ಫಲಕವು ೧೯೮೪ರಲ್ಲಿ ಅಮೆರಿಕಾದ ಮಾರುಕಟ್ಟೆಗೆ ಬಂದದ್ದು. ಅಪಘಾತವಾದಾಗ ರಕ್ಷಕರು ಮಗುವನ್ನು ಮೊದಲು ಹುಡುಕಲೆಂದು ಅದನ್ನು ಹಾಕುತ್ತಾರೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಹರಡಿದೆ. ಅದು ಹುಟ್ಟಿದ್ದು ಹಿಂದಿನ ಚಾಲಕರು ಜಾಗರೂಕರಾಗಿರಲೆಂದು ಮಾತ್ರ. ಮಗು ಕಾಲೇಜಿಗೆ ಹೋಗುವ ವಯಸ್ಸಾದರೂ ಫಲಕ ತೂಗಾಡುತ್ತಿದ್ದರೆ ಯಾರು ತಾನೇ ಜಾಗರೂಕರಾದಾರು? ಇನ್ನು ಕಾನೂನಿನ ಮಾತು. ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ನೂರಕ್ಕೆ ೭೦ ಭಾಗ ಬೆಳಕು ಹಾಯಬೇಕು. ಗಾಜುಗಳಿಗೆ ಕರಿಯ ಹಾಳೆ ಅಂಟಿಸುವುದನ್ನು ಸುಪ್ರೀಂ ಕೋರ್ಟು ೨೦೧೨ರಲ್ಲಿ ನಿಷೇಧಿಸಿತು. ಚಾಲಕನಿಗೆ ಹಿಂದಿನ ರಸ್ತೆಯೂ, ಹಿಂದಿನವರಿಗೆ ಚಾಲಕನ ತಲೆಯೂ ಕಾಣುವಷ್ಟು ಜಾಗ ಬಿಟ್ಟು ಏನನ್ನಾದರೂ ಅಂಟಿಸಲಿ.

ರೈಲು ನಿಲ್ದಾಣದಿಂದ ಬಂದ ಮರುವಾರ, ಕಾರು ರಿಪೇರಿಯಿಂದ ಮನೆಗೆ ಬಂದ ದಿನವೇ, ನಾವು ‘ಪ್ರೆಸ್’ ಚೀಟಿಯನ್ನು ತೆಗೆಯಲು ಕುಳಿತೆವು. ಬ್ಲೇಡಿನಿಂದ ಕೆರೆಯಹೋದಾಗ ಮಗನು ತಡೆದನು: “ಬೇಡಪ್ಪ, ಗಾಜಿನ ಒಳಗಡೆ ಮಂಜು ಕರಗಿಸೋ ಗೆರೆಗಳಿವೆ, ಕೆರೆದರೆ ಹಾಳಾಗುತ್ತೆ.” ಕೂದಲೊಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿ, ಮೂಲೆಯಿಂದ ಮೆಲ್ಲಮೆಲ್ಲನೆ ಎಳೆದಾಗ ಚೀಟಿ ಬಂದಿತು. ಅಂಟು ಮಾತ್ರ ಉಳಿದು, ಅದಕ್ಕೆ ಧೂಳು ಹಿಡಿದು, ಚೀಟಿಯಿದ್ದ ಚೌಕಾಕಾರವು ಮೊದಲಿಗಿಂತಲೂ ಎದ್ದು ಕಾಣತೊಡಗಿತು. ಆ ಜಾಗದಲ್ಲಿ ಏನನ್ನು ಅಂಟಿಸೋಣವೆಂದು ಮಗನು ಕೇಳಿದನು. ಏನೂ ಬೇಡವೆಂದೆವು. ಅವನಿಗೆ ಅಸಮಾಧಾನವಾಯಿತೆಂದು ತೋರುತ್ತದೆ.

ಹೋದ ತಿಂಗಳು ತುಮಕೂರಿನ ಮದುವೆಯೊಂದಕ್ಕೆ ಮನೆಮಂದಿಯೆಲ್ಲ ಹೋಗಬೇಕಾಗಿ ಬಂದು, ನಮ್ಮ ಒಂದು ಕಾರು ಸಾಲದಾದುದರಿಂದ ಆ ಚಾಲಕನಿಗೆ ಫೋನು ಮಾಡಿದೆವು. ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಬಂದನು. ಹಿಂಗಾಜಿನ ಹನುಮಂತನು ಹಾಗೆಯೇ ಇದ್ದನು. “ಓನರ್ ಒಪ್ಪಲಿಲ್ಲವೇ?” ಎಂದು ಕೇಳಿದೆವು. “ಇಲ್ಲ ಸಾರ್. ಬೇರೆ ಗಾಡಿ ಹುಡುಕ್ತಾ ಇದ್ದೀನಿ” ಎಂದನು. ಹೆಂಗಸರು ಹೂವಿನ ಬುಟ್ಟಿಗಳನ್ನು ಇಡಿಸುತ್ತಿರುವಷ್ಟರಲ್ಲಿ ಆತನು ನಮ್ಮ ಕಾರಿನ ಹಿಂದೆ ನಿಂತು, ಗಾಜಿನ ಮೇಲಿನ ಕರೆಯನ್ನು ಬೆರಳಿನಿಂದ ಸವರಿ ನೋಡಿ, “ಇದಕ್ಕೆ ಒಂದು ಚೂರು ಬಟ್ಟೆಗೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಸಾರ್, ಹೋಗುತ್ತೆ” ಎಂದು ಹೇಳಿದನು. ನಮ್ಮ ಸೋದರ ಸೊಸೆ ಆಗಲೇ ಆತನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದಳು.